ಮಣ್ಣಿಗೆ ಬಾರದ ಮಂಗಳಕ್ಕ

ಮಂಗಳಕ್ಕ ಯಾರ ಮನೆಗೆ ಬಂದರೂ ಚೆನ್ನಾಗಿದ್ದೀರಾ ಎಂದು ಕೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಎದುರಿಗೆ ಸಿಕ್ಕವರ ಗಲ್ಲ ಹಿಡಿದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು. ಒಳಗೆ ಕೆಂಪಗಿದ್ದರೆ ಕೈಬಿಡುತ್ತಿದ್ದಳು. ಬಿಳಿಚಿಕೊಂಡಿದ್ದರೆ, “ಏನೇ, ಬರೀ ಚಾ ಕುಡ್ಕೊಂಡೇ ಬದುಕ್ತೀಯಾ? ಸೊಪ್ಪು ತಿನ್ನಾಕೆ ಏನ್ ದಾಡಿ?” ಎಂದು ಅಲ್ಲೇ ಗದರುತ್ತಿದ್ದಳು. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಇದು ನಮ್ಮ ಮನೆತನದ ಶಾಸ್ತ್ರವಿರಬೇಕೆಂದು ತಿಳಿದು, ಸೆರಗು ಹೊದ್ದು, ಕಾಲಿಗೆ ನಮಸ್ಕರಿಸಿ, ತಾನೇ ಮುಖ ಎತ್ತಿ ಕೊಟ್ಟಿದ್ದಳು. ಆಮೇಲೆ ವಿಷಯ ತಿಳಿದು ನಾಚಿಕೊಂಡಳು. ಮಂಗಳಕ್ಕ ಮಾತ್ರ ನಗಲಿಲ್ಲ. “ಈ ಮನ್ಯಾಗೆ ನೀನೊಬ್ಬಳೇ ಕಣೇ ಮರ್ಯಾದೆಯಿಂದ ತೋರಿಸಿದ್ದು” ಎಂದಳು.

ಅವಳು ನನ್ನ ದೊಡ್ಡಪ್ಪನ ಮಗಳು. ಪೂರ್ತಿ ಹೆಸರು ಸರ್ವಮಂಗಳ. ಹುಟ್ಟಿದ್ದು ನ್ಯಾಮತಿಯಲ್ಲಿ. ದೊಡ್ಡಪ್ಪ ಅಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ತಾಯಿ ಹೆರಿಗೆಯಲ್ಲೇ ತೀರಿಕೊಂಡದ್ದರಿಂದ ಅವಳನ್ನು ಎತ್ತಿ ಆಡಿಸಿದವಳು ನಮ್ಮ ಅತ್ತೆ, ಅಂದರೆ ನಮ್ಮಪ್ಪ ದೊಡ್ಡಪ್ಪ ಇಬ್ಬರ ತಂಗಿ ಗೌರಮ್ಮ. ಗೌರತ್ತೆ ಮದುವೆಯಾಗಿ ಜಗಳೂರಿಗೆ ಹೋಗುವಾಗ ತವರಿನಿಂದ ಒಯ್ದದ್ದು ಒಂದು ಟ್ರಂಕು ಮತ್ತು ಈ ಮಂಗಳಕ್ಕ. ಅತ್ತೆಯ ಗಂಡ ರುದ್ರಪ್ಪ ಮಾವನಿಗೆ ಅಲ್ಲಿ ಬೀಜ ಗೊಬ್ಬರದ ಅಂಗಡಿ. ಹೊಸ ಹೆಂಡತಿಯ ಜೊತೆ ಬಂದ ಹುಡುಗಿಯನ್ನು ಮಾವ ಒಂದು ಮಾತೂ ಆಡದೆ ಇಟ್ಟುಕೊಂಡ. ಹೈಸ್ಕೂಲು ಓದಿಸಿದ, ಕಾಲೇಜಿಗೆ ಕಳಿಸಿದ. ಅವಳು ಓದುತ್ತಾ ಓದುತ್ತಾ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಸೇರಿದಳು. ಅಲ್ಲಿ ರಕ್ತ ಹುಟ್ಟಿಸುವ ಕೋಶಗಳ ಮೇಲೆ, ಅವು ಕೆಟ್ಟು ಬರುವ ರಕ್ತದ ಕ್ಯಾನ್ಸರಿನ ಮೇಲೆ ಕೆಲಸ ಮಾಡುತ್ತಾ ಮದುವೆಯ ವಯಸ್ಸು ದಾಟಿಸಿಕೊಂಡಳು.

ಪ್ರಯೋಗಕ್ಕೆ ಇಲಿ ಸಾಕುತ್ತಾಳೆಂಬ ಸುದ್ದಿ ಹೇಗೋ ಊರಿಗೆ ಬಂತು. ಅಂದಿನಿಂದ ಬಳಗದಲ್ಲಿ ಅವಳು ಇಲಿ ಡಾಕ್ಟರು. ಚನ್ನಗಿರಿಯಲ್ಲಿ ನನ್ನದು ಕನ್ನಡಕದ ಅಂಗಡಿ. ಅವಳು ವರ್ಷಕ್ಕೊಮ್ಮೆ ಬಂದು ನನ್ನ ಹತ್ತಿರವೇ ಕನ್ನಡಕ ಮಾಡಿಸಿಕೊಳ್ಳುತ್ತಿದ್ದಳು. ಇಡೀ ದಿನ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವಳಿಗೆ ನಂಬರು ಏರುತ್ತಲೇ ಇತ್ತು. ಅವಳು ಬಂದಳೆಂದು ಗೊತ್ತಾದರೆ ಸಾಕು, ಸಂತೇಬೆನ್ನೂರಿನಿಂದ ಕೂಡ ಜನ ರಿಪೋರ್ಟು ಹಿಡಿದು ಅಂಗಡಿಗೆ ಬರುತ್ತಿದ್ದರು. ನಾನು ಔಷಧಿ ಕೊಡೋ ಡಾಕ್ಟರಲ್ಲ ಎಂದು ಅವಳು ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಇಷ್ಟು ವರ್ಷ ಆ ಕಾಯಿಲೆಯ ಜೊತೆಗೇ ಇದ್ದವಳಿಗೆ ಮದ್ದು ಗೊತ್ತಿಲ್ಲದೆ ಇರುತ್ತದೆಯೇ ಎಂಬುದು ಅವರ ಲೆಕ್ಕ.

ನಮ್ಮವ್ವನಿಗೂ ಅದೇ ಅನುಮಾನ. ಒಮ್ಮೆ ಅಡುಗೆಮನೆಯಲ್ಲಿ ಕುಳಿತು ಅವಳನ್ನು ಹಿಡಿದೇ ಕೇಳಿದಳು. ಮಂಗಳಕ್ಕ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ಹೇಳಿದಳು.

“ಚಿಕ್ಕವ್ವಾ, ನಮ್ಮ ಮೂಳೆ ಒಳಗೆ ಒಂದು ಸಸಿಮಡಿ ಐತೆ ಅಂತ ತಿಳ್ಕೋ. ಸಸಿ ಅಲ್ಲಿ ಹುಟ್ಟಿ, ಬಲಿತು, ಗದ್ದೆಗೆ ಹೋಗ್ತಾವೆ. ರಕ್ತಾನೂ ಹಂಗೇ. ಈ ಕಾಯಿಲ್ಯಾಗೆ ಸಸಿ ಬಲಿಯಾಕೇ ಒಲ್ಲವು. ಆದ್ರೆ ಹುಟ್ಟೋದು ನಿಲ್ಸಲ್ಲ. ಮಡಿ ತುಂಬಾ ಅವೇ ಆಗಿ ಒಳ್ಳೇವಕ್ಕೆ ಜಾಗ ಇಲ್ದಂಗಾಗ್ತೈತೆ.”

“ಔಷಧಿ ಹೊಡ್ದು ಸುಡಾಕೆ ಬರಲ್ವೇನೇ?”

“ಹೊಡೀತಾರೆ. ಎಲ್ಲಾ ಸತ್ವು ಅಂದ್ಕೋತೀವಿ. ಆದ್ರೆ ಒಂದೆರಡು ಮಲಗಿರ್ತಾವೆ. ಮಲಗಿದ್ದಕ್ಕೆ ಔಷಧಿ ತಾಗಲ್ಲ. ಆಮೇಲೆ ಯಾವಾಗಲೋ ಏಳ್ತಾವೆ. ಯಾಕೆ ಮಲಗ್ತಾವೆ, ಹೆಂಗೆ ಏಳ್ತಾವೆ ಅಂತ ನೋಡೋದೇ ನನ್ನ ಕೆಲಸ.”

“ಗೊತ್ತಾತಾ?”

“ಇಲ್ಲ.”

“ಇನ್ನೂ ಇಲ್ವಾ!” ಎಂದು ಅವ್ವ ಬಾಯಿಬಿಟ್ಟಳು. ಅಷ್ಟು ಓದಿದವಳು ಇಷ್ಟು ಸಲೀಸಾಗಿ ಇಲ್ಲ ಎಂದದ್ದು ಅವಳಿಗೆ ಅರಗಲಿಲ್ಲ.

ಮಂಗಳಕ್ಕನಿಗೆ ಮಾತ್ರ ಅದು ಅಭ್ಯಾಸ. ಒಂದು ವರ್ಷ ಅವಳು ಹೇಳದೆ ಕೇಳದೆ ಬಂದು ನಮ್ಮ ಮನೆಯಲ್ಲಿ ಎರಡು ದಿನ ಬರೀ ನಿದ್ದೆ ಮಾಡಿದಳು. ಆಮೇಲೆ ಗೊತ್ತಾಯಿತು. ಅವಳು ಹಲವು ವರ್ಷ ದುಡಿದು ಪ್ರಕಟಿಸಿದ್ದ ಒಂದು ಸಂಗತಿ ಬೇರೆ ಕಡೆ ಮಾಡಿ ನೋಡಿದವರಿಗೆ ಸರಿಯಾಗಿ ಬಂದಿರಲಿಲ್ಲ. ಅವಳು ಮತ್ತೆ ಮೊದಲಿನಿಂದ ಮಾಡಿ ನೋಡಿದಳು. ಬರಲಿಲ್ಲ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲವಂತೆ. ಅವಳೇ, ನಾನು ಹೇಳಿದ್ದು ತಪ್ಪು ಎಂದು ಅದನ್ನು ಅಚ್ಚು ಹಾಕಿದ್ದ ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿದ್ದಳು. ಅವಳ ಕೈಕೆಳಗಿನ ವಿದ್ಯಾರ್ಥಿಗಳು ಅತ್ತರಂತೆ. “ಗೊತ್ತಿಲ್ಲದ್ದನ್ನ ಗೊತ್ತೈತೆ ಅಂದ್ರೆ, ಅದನ್ನ ನಂಬ್ಕೊಂಡು ಇನ್ನೊಬ್ಬ ಹತ್ತು ವರ್ಷ ಹಾಳು ಮಾಡ್ಕೋತಾನೆ ಕಣೋ ಪರಮೇಶಿ” ಎಂದಳು ನನಗೆ. ಹೇಳುವಾಗ ಅವಳ ಮುಖ ಊದಿಕೊಂಡಿತ್ತು. ನಿದ್ದೆಯಿಂದಲೋ ಅಳುವಿನಿಂದಲೋ ನಾನು ಕೇಳಲಿಲ್ಲ.

ಇಷ್ಟು ನಿಯತ್ತಿನ ಹೆಂಗಸನ್ನು ಬಳಗ ಕ್ಷಮಿಸದೆ ಇದ್ದದ್ದು ಒಂದೇ ಒಂದು ವಿಷಯಕ್ಕೆ. ಗೌರತ್ತೆಯ ಮಣ್ಣಿಗೆ ಅವಳು ಬರಲಿಲ್ಲ.

ಅತ್ತೆ ಹಾಸಿಗೆ ಹಿಡಿದಾಗಲೇ ಸುದ್ದಿ ಮುಟ್ಟಿಸಿದ್ದೆವು. ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂದಳು. ಅತ್ತೆಯ ಜೀವ ಹೋದ ದಿನ ಫೋನು ಮಾಡಿದರೆ ಎತ್ತಲೇ ಇಲ್ಲ. ಸಂಜೆಯವರೆಗೆ ಕಾದು ಮಣ್ಣು ಮಾಡಿದೆವು. ನಮ್ಮ ಕಡೆ ಮದುವೆಗೆ ಬಾರದಿದ್ದರೆ ಮುನಿಸು, ಮಣ್ಣಿಗೆ ಬಾರದಿದ್ದರೆ ಸಂಬಂಧವೇ ಹರಿದಂತೆ. ಆಮೇಲಾದರೂ ಒಮ್ಮೆ ಹೋಗಿ ಮನೆಯವರನ್ನು ಮಾತಾಡಿಸಿಕೊಂಡು ಬರಬೇಕು. ಅದನ್ನೂ ಅವಳು ಮಾಡಲಿಲ್ಲ. ಮೊದಲು ನಾಚಿಕೆಯಿಂದ ಹೋಗಲಿಲ್ಲ. ವರ್ಷಗಳು ಕಳೆದ ಹಾಗೆ ಹೋಗುವುದು ಇನ್ನೂ ಕಷ್ಟವಾಯಿತು.

ಆವತ್ತು ಏನಾಗಿತ್ತು ಎಂದು ಬಹಳ ದಿನಗಳ ಮೇಲೆ ನನಗೆ ಹೇಳಿದಳು. ಆಸ್ಪತ್ರೆಯಿಂದ ಒಂದು ಮಗುವಿನ ಮೂಳೆಯ ರಸ ಬಂದಿತ್ತಂತೆ. ಬದುಕುವುದಿಲ್ಲವೆಂದು ಗೊತ್ತಿದ್ದ ಮಗು. ತಂದೆ ತಾಯಿ, ಮುಂದೆ ಯಾರಿಗಾದರೂ ಉಪಯೋಗವಾಗಲಿ ಎಂದು ಒಪ್ಪಿ ಕೊಟ್ಟಿದ್ದರು. ದೇಹದಿಂದ ಹೊರಗೆ ಬಂದ ಆ ಕೋಶಗಳು ಕೆಲವು ಗಂಟೆ ಮಾತ್ರ ಇರುತ್ತವೆ. ಬಿಟ್ಟು ಏಳುವಂತಿಲ್ಲ. “ಅತ್ತೆ ಸತ್ತಾಗಿತ್ತು ಕಣೋ. ಅವು ಇನ್ನೂ ಬದುಕಿದ್ವು” ಎಂದಳು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಈಗಲೂ ಪೂರ್ತಿ ಆಗಿಲ್ಲ. ಹೆತ್ತವಳಿಗಿಂತ ಹೆಚ್ಚಾಗಿ ಸಾಕಿದವಳ ಮುಖ ನೋಡುವುದಕ್ಕಿಂತ ದೊಡ್ಡ ಕೆಲಸ ಯಾವುದಿರುತ್ತದೆ?

ಹೀಗಿರುವಾಗ ನನ್ನ ತಮ್ಮ ಕುಮಾರನಿಗೆ ಜ್ವರ ಬಂತು.

ಕುಮಾರ ಚನ್ನಗಿರಿ ದಾವಣಗೆರೆ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ಮದುವೆಗೆ ಹೆಣ್ಣು ನೋಡುತ್ತಿದ್ದೆವು. ಜ್ವರ ಬಿಡಲಿಲ್ಲ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಬಸ್ಸಿನ ಕಂಬಿ ತಾಗಿದಲ್ಲೆಲ್ಲ ಮೈಮೇಲೆ ನೀಲಿ ಕಲೆ. ನಾನು ಫೋನಿನಲ್ಲಿ ಇದನ್ನು ಹೇಳುತ್ತಿದ್ದಂತೆ ಮಂಗಳಕ್ಕ ನಡುವೆಯೇ ತಡೆದು, “ಇವತ್ತೇ ದಾವಣಗೆರೆಗೆ ಕರ್ಕೊಂಡು ಹೋಗು. ಈಗಲೇ ಹೊರಡು” ಎಂದಳು. ದಾವಣಗೆರೆಯವರು ನೋಡಿ ಬೆಂಗಳೂರಿಗೆ ಕಳಿಸಿದರು. ಯಾವ ಕಾಯಿಲೆಯ ಬೆನ್ನು ಹತ್ತಿ ಅವಳು ಬದುಕು ಕಳೆದಿದ್ದಳೋ ಅದೇ ಕಾಯಿಲೆ ನಮ್ಮ ಮನೆಗೆ ಬಂದು ಕುಳಿತಿತ್ತು.

ಮೊದಲ ಸುತ್ತಿನ ಔಷಧಿಗೆ ರಕ್ತ ಶುದ್ಧವಾಯಿತು. ಕೂದಲು ಉದುರಿದ ತಲೆ ಸವರಿಕೊಂಡು ಕುಮಾರ ನಗುತ್ತಿದ್ದ. ಆದರೆ ಅವನ ಕಾಯಿಲೆಯ ಬಗೆ ಕೆಟ್ಟದ್ದು, ಬೇಗ ತಿರುಗಿ ಬರುತ್ತದೆ, ಅಷ್ಟರೊಳಗೆ ಹೊಂದುವ ಒಬ್ಬರಿಂದ ರಕ್ತ ಹುಟ್ಟಿಸುವ ಕೋಶ ತಂದು ಹಾಕಬೇಕು ಎಂದರು ಡಾಕ್ಟರು. ನನ್ನದು ಹೊಂದಲಿಲ್ಲ. ಅರ್ಧ ಹೊಂದುವವರಿಂದಲೂ ಈಗ ಹಾಕುತ್ತಾರಂತೆ, ಆದರೆ ಇವನ ಮೈ ಅದನ್ನು ತಡೆಯುವುದು ಕಷ್ಟ, ಪೂರ್ತಿ ಹೊಂದುವವರನ್ನೇ ಹುಡುಕಿ ಎಂದರು.

ಆಸ್ಪತ್ರೆಯಲ್ಲಿ ಕುಮಾರ ಒಮ್ಮೆ ಅವಳನ್ನು ನೇರವಾಗಿ ಕೇಳಿದ. “ಅಕ್ಕಾ, ನಾನು ಉಳೀತೀನಾ?”

“ಗೊತ್ತಿಲ್ಲ ಕಣೋ ಕುಮಾರ.”

“ನಿಂಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರ್ತೈತಕ್ಕ?”

ಅವಳು ಅವನ ಕೈ ಹಿಡಿದುಕೊಂಡು ಕುಳಿತಳು. ಹೊರಗೆ ಬಂದ ಮೇಲೆ ನನ್ನ ಹೆಂಡತಿ ಸಿಡಿದಳು. “ಉಳೀತೀಯ ಅಂತ ಒಂದು ಸುಳ್ಳು ಹೇಳಾಕಾಗಲ್ವೇನ್ರೀ ನಿಮ್ಮಕ್ಕಂಗೆ? ಬಾಯಿ ಸವೀತಿತ್ತಾ?” ನನಗೂ ಹಾಗೇ ಅನ್ನಿಸಿತ್ತು.

ಹೊಂದುವವರನ್ನು ಹುಡುಕಲು ಮಂಗಳಕ್ಕ ಹಿಡಿದ ದಾರಿ ನಮ್ಮ ಮನೆಯ ಮದುವೆಗಳದ್ದು. ನಮ್ಮವ್ವ ರುದ್ರಪ್ಪ ಮಾವನ ಸ್ವಂತ ತಂಗಿ. ಆ ಮನೆಯ ಹೆಣ್ಣನ್ನು ಈ ಮನೆಗೆ ತಂದು, ಈ ಮನೆಯ ಗೌರತ್ತೆಯನ್ನು ಆ ಮನೆಗೆ ಕೊಟ್ಟಿದ್ದರು. ಕೊಟ್ಟು ತಂದ ಸಂಬಂಧ. ಹಾಗಾಗಿ ಮಾವನ ಮಕ್ಕಳಿಗೂ ನಮಗೂ ಅಜ್ಜ ಅಜ್ಜಿಯರು ನಾಲ್ವರೂ ಒಬ್ಬರೇ. “ಅಂಥ ಮಕ್ಕಳಾಗೆ ಹೊಂದೋದು ಅಪರೂಪಕ್ಕೆ ಸಿಗ್ತೈತೆ. ನೋಡೋಣ” ಎಂದಳು. ಮಾವನ ಮಗ ಜಗಳೂರಿನಲ್ಲಿ, ಮಗಳು ಸುಮಾಳನ್ನು ಹೊನ್ನಾಳಿಗೆ ಕೊಟ್ಟಿತ್ತು. ನಾನೇ ಇಬ್ಬರ ಮನೆಗೂ ಹೋಗಿ, ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿಸಿಕೊಂಡು ಬಂದೆ. ಅದೇನು ದೊಡ್ಡ ವಿಷಯವೆಂದು ಯಾರಿಗೂ ಅನ್ನಿಸಲಿಲ್ಲ. ಸುಮಾಳದ್ದು ಪೂರ್ತಿ ಹೊಂದಿತು.

ಆವತ್ತು ಮಂಗಳಕ್ಕ ಫೋನಿನಲ್ಲಿ ಅತ್ತಳು. ಸಂತೋಷಕ್ಕೆ ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹೊನ್ನಾಳಿಯಲ್ಲಿ ಸುಮಾಳ ಅತ್ತೆ ಮಾವ ಕೆಟ್ಟವರಲ್ಲ, ಹೆದರಿದವರು. ಇನ್ನೂ ಮಕ್ಕಳಾಗದ ಸೊಸೆ, ಅವಳಿಗೆ ಇಂಜೆಕ್ಷನ್ನು ಕೊಟ್ಟು ರಕ್ತವನ್ನು ಮಿಷನ್ನಿನಲ್ಲಿ ಹಾಯಿಸುತ್ತಾರೆಂದರೆ ಯಾರಿಗೆ ದಿಗಿಲಾಗುವುದಿಲ್ಲ? “ನಾಳೆ ಹೆಚ್ಚುಕಮ್ಮಿ ಆದ್ರೆ ಬೀಗರು ನಮ್ಮನ್ನ ಕೇಳ್ತಾರೆ. ಬೀಗರು ಬಂದು ಹೂಂ ಅನ್ಲಿ, ನಾವು ಬ್ಯಾಡ ಅನ್ನಲ್ಲ” ಎಂದರು. ಸುಮಾಳೂ, “ಅಪ್ಪ ಒಂದು ಮಾತು ಹೇಳ್ಲಿ ಭಾವ, ನಾನು ತಯಾರಿದೀನಿ” ಎಂದಳು. ಕುಮಾರನ ಜೀವ ರುದ್ರಪ್ಪ ಮಾವನ ಒಂದು ಹೂಂ ಮೇಲೆ ಬಂದು ನಿಂತಿತು.

ನಾನೊಬ್ಬನೇ ಹೋಗಿ ಕೇಳಿದ್ದರೆ ಆಗುತ್ತಿತ್ತೋ ಏನೋ. ಆದರೆ ಮಾವ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವಳು ಮಂಗಳಕ್ಕ. ಅವಳು ಹೋಗಬೇಕಾದರೆ ಮೊದಲು ಗೌರತ್ತೆಯ ಸಾವಿಗೆ ಮಾತಾಡಿಸಬೇಕು. ಮಾತಾಡಿಸಲು ಹೋದವರು ಕೊಡುವ ತೆಗೆದುಕೊಳ್ಳುವ ಮಾತನ್ನು ಅಲ್ಲಿ ಎತ್ತುವಂತಿಲ್ಲ. ಏಳುವಾಗ ಬರುತ್ತೇನೆ ಎಂದು ಕೂಡ ಹೇಳುವಂತಿಲ್ಲ. ಎಷ್ಟು ವರ್ಷ ತಡವಾಗಿ ಹೋದರೂ ಆ ಮೊದಲ ಸಲ ಸತ್ತವರಿಗೆ ಮೀಸಲು. ಅವ್ವ ತಿಳಿಸಿ ಹೇಳಿದಳು. “ಹೋಗು, ಅಣ್ಣನ ಮುಂದೆ ಅತ್ತು ಬಾ. ಬೇರೆ ಏನೂ ಎತ್ತಬ್ಯಾಡ. ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ಕೇಳಿದ್ರಾತು.”

“ನಾಲ್ಕು ದಿನ ಅವನ ಹತ್ರ ಐತೋ ಇಲ್ವೋ ಚಿಕ್ಕವ್ವಾ” ಎಂದಳು ಮಂಗಳಕ್ಕ.

ಜಗಳೂರಿಗೆ ನಾವಿಬ್ಬರೂ ಹೋದೆವು. ಹೊಸಿಲಲ್ಲೇ ಅವಳಿಗೆ ಅಳು ಬಂತು. ಗೋಡೆಯ ಮೇಲಿನ ಗೌರತ್ತೆಯ ಫೋಟೋದ ಕೆಳಗೆ ಕುಸಿದು, “ಅವ್ವಾ, ಬರ್ಲಿಲ್ಲಲ್ಲೇ ನಾನು” ಎಂದು ಎದೆ ಬಡಿದುಕೊಂಡಳು. ಅದು ನಾಟಕವಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣಲ್ಲೂ ನೀರು ಬಂತು. ಮಾವ ಮುಖ ತಿರುಗಿಸಿ ಕುಳಿತಿದ್ದವನು ನಿಧಾನವಾಗಿ ಎದ್ದು ಬಂದು ಅವಳ ತಲೆಯ ಮೇಲೆ ಕೈ ಇಟ್ಟ. “ಸಾಕು ಏಳವ್ವ. ಆಗೋಗಿದ್ದು ಆಗೋತು” ಎಂದ. ಸೊಸೆಯನ್ನು ಕರೆದು ಮಂಡಕ್ಕಿ, ಚಾ ತರಲು ಹೇಳಿದ. ಆವತ್ತು ಅಲ್ಲಿಗೇ ಎದ್ದು ಬಂದಿದ್ದರೆ!

ಅವಳು ಕಣ್ಣೊರೆಸಿಕೊಂಡು, “ಮಾವ, ಇನ್ನೊಂದು ಮಾತೈತೆ” ಎಂದಳು. ನಾನು ಕೈ ಸನ್ನೆ ಮಾಡಿದೆ. ನೋಡಲಿಲ್ಲ. ಕುಮಾರನ ವಿಷಯ, ಸುಮಾಳ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಮಾವನ ಮುಖ ಕಪ್ಪಿಟ್ಟಿತು. “ನಿಮ್ಮತ್ತೆ ಬಾಗಿಲ ಕಡೀಗೇ ನೋಡ್ತಾ ಪ್ರಾಣ ಬಿಟ್ಲು. ಆಗ ನಿಂಗೆ ಪುರುಸೊತ್ತಿರಲಿಲ್ಲ. ಈಗ ಬಂದು ಕಣ್ಣೀರು ಹಾಕಿದಿ. ನಾನೂ ಕರಗಿದೆ. ಕೇಳಾಕೆ ಅಂತ ಅತ್ಯಾ ನೀನು? ಸತ್ತೋಳ ಹೆಸರು ಹೇಳ್ಕೊಂಡು ನನ್ನ ಮಗಳ ರಕ್ತ ಕೇಳಾಕೆ ಬಂದ್ಯಾ?”

“ಹಂಗಲ್ಲ ಮಾವ...”

“ಎದ್ದು ಹೋಗು.”

ಆಮೇಲೆ ಅವ್ವ ಫೋನು ಮಾಡಿದರೆ ಅವನು ತಂಗಿಯ ಹತ್ತಿರವೂ ಮಾತಾಡಲಿಲ್ಲ. ನಾನು ಹೋದರೆ ಹಿಂದಿನ ಬಾಗಿಲಿನಿಂದ ಹೊಲಕ್ಕೆ ಹೋದ. ಮಂಗಳಕ್ಕ ಬೆಂಗಳೂರಿಗೆ ಹೋಗದೆ ಜಗಳೂರಿನಲ್ಲೇ ಗೆಳತಿಯೊಬ್ಬಳ ಮನೆಯಲ್ಲಿ ಉಳಿದು, ದಿನಾ ಬೆಳಗ್ಗೆ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಕುಳಿತಳು. ಮಾವ ಅವಳನ್ನು ದಾಟಿಕೊಂಡು ಒಳಗೆ ಹೋಗಿ ವ್ಯಾಪಾರ ಮಾಡಿದ. ಲ್ಯಾಬಿನಲ್ಲಿ ಅವಳೇ ನೋಡಿಕೊಳ್ಳಬೇಕಾಗಿದ್ದ ಕೋಶಗಳು ಸತ್ತವು ಎಂದು ವಿದ್ಯಾರ್ಥಿಗಳು ಫೋನು ಮಾಡಿದರು. “ಸಾಯ್ಲಿ ಬಿಡ್ರಿ” ಎಂದಳು. ಅವಳ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನಾನು ಬೆಚ್ಚಿದೆ.

ಕೊನೆಗೆ ಸುಮಾಳೇ ತವರಿಗೆ ಬಂದು ಅಪ್ಪನ ಹತ್ತಿರ ಜಗಳವಾಡಿ, ಊಟ ಬಿಟ್ಟು ಕುಳಿತ ಮೇಲೆ ಮಾವ ಹೂಂ ಎಂದ. ಆ ಹೂಂ ಬರುವಷ್ಟರಲ್ಲಿ ಒಂದು ತಿಂಗಳ ಮೇಲಾಗಿತ್ತು. ಸುಮಾಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದ ವಾರವೇ ಕುಮಾರನ ರಕ್ತದಲ್ಲಿ ಕೆಟ್ಟ ಕೋಶಗಳು ಮತ್ತೆ ಕಂಡವು. ಮಲಗಿದ್ದವು ಎದ್ದಿದ್ದವು. ಅವನ್ನು ಇಳಿಸದೆ ಹೊಸ ಕೋಶ ಹಾಕುವಂತಿಲ್ಲ ಎಂದು ಮತ್ತೆ ಔಷಧಿ ಕೊಟ್ಟರು. ಸೋತಿದ್ದ ಮೈ ತಡೆಯಲಿಲ್ಲ. ಸೋಂಕು ಹತ್ತಿತು. ಸುಮಾ ಪಕ್ಕದ ಕಟ್ಟಡದಲ್ಲಿ ಇಂಜೆಕ್ಷನ್ನಿಗೆ ಕಾಯುತ್ತಿರುವಾಗಲೇ ನನ್ನ ತಮ್ಮ ಹೋದ.

ಚನ್ನಗಿರಿಯಲ್ಲಿ ಮಣ್ಣು ಮಾಡಿದೆವು. ಮಂಗಳಕ್ಕ ಹೆಣದ ಜೊತೆಗೇ ಬಂದಳು, ಕೊನೆಯ ಹಿಡಿ ಮಣ್ಣು ಬೀಳುವವರೆಗೆ ನಿಂತಿದ್ದಳು. ರುದ್ರಪ್ಪ ಮಾವನೂ ಬಂದಿದ್ದ. ಮನೆಗೆ ಬಂದವನು ಅಂಗಳದಲ್ಲಿ ಕುಳಿತು ತಲೆ ಎತ್ತಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. “ನಾನೇ ಕೊಂದೆ. ತಂಗಿ ಮಗನ್ನ ನಾನೇ ಕೊಂದೆ” ಎಂದು ಒಂದೇ ಸಮನೆ ಹೇಳುತ್ತಿದ್ದ. ಯಾರೂ ಇಲ್ಲ ಎನ್ನಲಿಲ್ಲ. ನಾನೂ ಅನ್ನಲಿಲ್ಲ. ನನಗೆ ಅವನ ಮೇಲೆ ಕೆಂಡದಂಥ ಸಿಟ್ಟಿತ್ತು.

ಮಂಗಳಕ್ಕ ಎದ್ದು ಹೋಗಿ ಅವನ ಎದುರಿಗೆ ಕುಳಿತಳು. ಎಲ್ಲರಿಗೂ ಕೇಳುವಂತೆ ಹೇಳಿದಳು. “ಮಾವ, ಇಲ್ಲಿ ನೋಡ್ರಿ. ನೀವು ಮೊದಲ ದಿನಾನೇ ಹೂಂ ಅಂದಿದ್ರೂ ಅವನು ಉಳೀತಿರಲಿಲ್ಲ. ಅವನ ಕಾಯಿಲೆ ಜಾತೀನೇ ಅಂಥದ್ದು. ನನ್ನ ಜೀವಮಾನ ಎಲ್ಲ ಇದನ್ನೇ ನೋಡಿದೀನಿ ನಾನು. ಇದು ಖಾತ್ರಿ.”

ಖಾತ್ರಿ ಎಂಬ ಮಾತನ್ನು ಅವಳ ಬಾಯಲ್ಲಿ ಅದುವರೆಗೆ ನಾನು ಕೇಳಿರಲಿಲ್ಲ. ಮಾವ ತಲೆ ಎತ್ತಿ ಅವಳನ್ನೇ ನೋಡಿದ. ಆಮೇಲೆ ನೀರಿನ ಲೋಟ ತೆಗೆದುಕೊಂಡ.

ಮರುದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ತಡೆಯಲಾಗದೆ ಕೇಳಿದೆ. “ಅಕ್ಕಾ, ನಿಜವಾಗ್ಲೂ ಉಳೀತಿರಲಿಲ್ವಾ?”

ಅವಳು ಶಿವಮೊಗ್ಗದ ಬಸ್ಸು ಹಿಂದೆ ಮುಂದೆ ಮಾಡುವುದನ್ನು ನೋಡುತ್ತಾ ಹೇಳಿದಳು. “ಉಳೀಬಹುದಿತ್ತು ಕಣೋ. ಉಳೀದೇನೂ ಇರಬಹುದಿತ್ತು. ಯಾರಿಗೂ ಗೊತ್ತಿಲ್ಲ. ಆದ್ರೆ ಹೊತ್ಕೊಳ್ಳಾಕೆ ಅವರಿಗೆ ವಯಸ್ಸಾಗೈತೆ. ಅಳಾಕೆ ಹೋದ ಮನ್ಯಾಗೆ ಬೇಡಿದೋಳು ನಾನು. ಅದು ನನ್ನ ಹತ್ರಾನೇ ಇರ್ಲಿ.” ಬೆಂಗಳೂರಿನ ಬಸ್ಸು ಹತ್ತಿದವಳು ಕಿಟಕಿಯಿಂದ ಕೈ ಬೀಸಲಿಲ್ಲ. ನಾನು ಅವಳನ್ನು ಜೀವಂತ ನೋಡಿದ್ದು ಅದೇ ಕೊನೆ.

ಹೋದ ವರ್ಷ ಅವಳು ಲ್ಯಾಬಿನಲ್ಲೇ ಕುಸಿದು ತೀರಿಕೊಂಡಳು. ಮಲಗುವ ಕೋಶಗಳ ಗುಟ್ಟು ಅವಳಿಗೆ ಸಿಕ್ಕಿರಲಿಲ್ಲ. ನ್ಯಾಮತಿಗೆ ತಂದೆವು. ರುದ್ರಪ್ಪ ಮಾವ ಈಗ ಕೋಲೂರಿ ನಡೆಯುತ್ತಾನೆ. ಬೇಡವೆಂದರೂ ಕೇಳದೆ ಜಗಳೂರಿನಿಂದ ಬಂದು, ಇಬ್ಬರ ಹೆಗಲ ಮೇಲೆ ಕೈ ಹಾಕಿ ಗುಂಡಿಯವರೆಗೆ ನಡೆದು, ಮಣ್ಣು ಹಾಕಿದ. ಸಂಜೆ ನಾನೇ ಅವನನ್ನು ಕಾರಿನಲ್ಲಿ ಊರಿಗೆ ಬಿಡಲು ಹೊರಟೆ. ಹೊನ್ನಾಳಿಯ ಸೇತುವೆ ದಾಟಿದ ಮೇಲೆ ಅವನು ಕೇಳಿದ.

“ಪರಮೇಶಿ, ಆವತ್ತು ಮಂಗಳ ಹೇಳಿದ್ದು ನಿಜಾನೇನೋ? ನಾನು ಮೊದ್ಲೇ ಹೂಂ ಅಂದಿದ್ರೂ ಹುಡುಗ ಉಳೀತಿರಲಿಲ್ಲ ಅಂದಿದ್ದು?”

ನಾನು ರಸ್ತೆ ನೋಡುತ್ತಲೇ ಹೇಳಿದೆ. “ನಿಜ ಮಾವ. ಅಕ್ಕಂಗೆ ಸುಳ್ಳು ಹೇಳಾಕೆ ಬರ್ತಿರಲಿಲ್ಲ.”

“ಹೌದೌದು. ಅವಳು ಹುಡುಗಿ ಇದ್ದಾಗಿಂದಲೂ ಹಂಗೇ” ಎಂದ ಮಾವ. ಸೀಟಿಗೆ ಒರಗಿ ಕಣ್ಣು ಮುಚ್ಚಿದವನು ಜಗಳೂರು ಬರುವವರೆಗೂ ನಿದ್ದೆ ಮಾಡಿದ.